ಟಗರನ್ನು ಸೋತ ಲೈನ್‌ಮ್ಯಾನ್

ಮಳವಳ್ಳಿಯ ಲೈನ್‌ಮ್ಯಾನ್ ಕೆಂಪಸಿದ್ದಯ್ಯನಿಗೆ ಬಾಜಿ ಕಟ್ಟಲು ಇಂಥದ್ದೇ ಆಗಬೇಕೆಂದಿರಲಿಲ್ಲ. ಮದ್ದೂರಿನ ಬಸ್ಸಿನಿಂದ ಮೊದಲು ಇಳಿಯುವುದು ಗಂಡಸೋ ಹೆಂಗಸೋ, ಹೋಟೆಲಿನಲ್ಲಿ ಮೊದಲು ಖಾಲಿಯಾಗುವುದು ಇಡ್ಲಿಯೋ ವಡೆಯೋ, ಎಲ್ಲದಕ್ಕೂ "ಕಟ್ತೀಯೇನ್ಲಾ?" ಎನ್ನುತ್ತಿದ್ದ. ಜನರಿಗೆ ಅದೊಂದು ತಮಾಷೆ. ಆಮೇಲೆ ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಅಂಟಿಕೊಂಡಿತು. ವಾಚು ಹೋಯಿತು, ಬೈಕು ಹೋಯಿತು. ಒಂದು ಭಾನುವಾರ, ಹೆಂಡತಿ ಮರಿತಾಯಮ್ಮ ಮುದ್ದಿನಿಂದ ಸಾಕಿದ್ದ ಬಂಡೂರು ತಳಿಯ ಟಗರನ್ನೇ ಗೆಳೆಯ ಪ್ರಸನ್ನನಿಗೆ ಸೋತ.

ಮರಿತಾಯಮ್ಮ ನೇರ ಪ್ರಸನ್ನನ ಹಿತ್ತಲಿಗೆ ನುಗ್ಗಿ ಹಗ್ಗ ಬಿಚ್ಚಿದಳು. "ಬಾಜಿ ಅವುಂದು, ಟಗರು ನಂದು. ಬೇಕಾದ್ರೆ ಅವುನ್ನೇ ಕಟ್ಟಾಕ್ಕೊ, ಉಲ್ಲು ನಾನೇ ಕಳಿಸ್ತೀನಿ!"

ಪ್ರಸನ್ನ ಬಿದ್ದು ಬಿದ್ದು ನಕ್ಕ. "ಓಗ್ಲಿ ಬುಡಕ್ಕ, ಇನ್ಮ್ಯಾಕೆ ಅವನ ಜೊತೆ ಕಟ್ಟಾಕಿಲ್ಲ" ಎಂದ.

ಮನೆಗೆ ಬಂದರೆ ಗಂಡ ಗೋಡೆಗೊರಗಿ ಕೂತಿದ್ದ. ಬೈಗುಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: "ಮರಿಯಯ್ಯ ಕಂಬದಿಂದ ಬಿದ್ದು ಸತ್ತಾಗ್ನಿಂದ ಎದೆ ಮ್ಯಾಲೆ ಕಲ್ಲು ಯೇರ್ದಂಗದೆ ಕಣಮ್ಮಿ. ನಿದ್ದೆ ಇಲ್ಲ. ಆಡೋ ಒತ್ತಲ್ಲಿ ಮಾತ್ರ ಅವ್ನು ಕಣ್ಮುಂದೆ ಬರಾಕಿಲ್ಲ."

ಮರಿಯಯ್ಯ ಇಪ್ಪತ್ತು ವರ್ಷ ಅವನ ಜೊತೆ ಕೆಲಸ ಮಾಡಿದವನು. ಸತ್ತು ಎರಡು ವರ್ಷವಾದರೂ ಕೆಂಪಸಿದ್ದಯ್ಯ ಅವನ ಹೆಸರೆತ್ತಿದ್ದು ಅದೇ ಮೊದಲು. ಮರಿತಾಯಮ್ಮ ಬೈಗುಳ ನುಂಗಿ ಪಕ್ಕದಲ್ಲಿ ಕೂತಳು.

"ನಾಳೆ ಮಂಡ್ಯಕ್ಕೋಗಿ ಮನಸ್ಸಿನ ಡಾಕ್ಟ್ರುನ್ನ ನೋಡವ."

"ನಂಗೇನ್ ಉಚ್ಚಿಡ್ದದಾ? ನಾ ಬರಾಕಿಲ್ಲ."

"ಬರಾಕಿಲ್ಲ ಅಂತ ನೀನು, ಕರ್ಕೊಂಡೋಯ್ತೀನಿ ಅಂತ ನಾನು. ಕಟ್ತೀಯಾ?"

ಕೆಂಪಸಿದ್ದಯ್ಯನಿಗೆ ನಗು ತಡೆಯಲಾಗಲಿಲ್ಲ. ಬೆಳಗ್ಗೆ ಅವನೇ ಮೊದಲು ಚಪ್ಪಲಿ ಮೆಟ್ಟಿದ.

ಡಾಕ್ಟರ್ ಶ್ವೇತ ಎಲ್ಲವನ್ನೂ ಕೇಳಿಸಿಕೊಂಡರು. "ಜೂಜಿನ ಚಟ ಎಷ್ಟೋ ಸಲ ಒಂಟಿಯಾಗಿ ಬರಲ್ಲ. ನಿಮಗೆ ಖಿನ್ನತೆ ಇದೆ, ಮರಿಯಯ್ಯ ಬಿದ್ದ ದಿನದ ಭಯವೂ ಒಳಗೇ ಉಳಿದಿದೆ. ಎಲ್ಲಕ್ಕೂ ಒಟ್ಟಿಗೇ ಚಿಕಿತ್ಸೆ ಮಾಡೋಣ" ಎಂದರು.

ಮಾತ್ರೆ, ವಾರಕ್ಕೊಮ್ಮೆ ಮಾತುಕತೆ. ಫೋನು ಮರಿತಾಯಮ್ಮನ ಸೆರಗಿನಲ್ಲಿ. ನಡುವೆ ಒಮ್ಮೆ ಮನಸ್ಸು ಜಾರಿ ಮತ್ತೆ ಬಾಜಿ ಕಟ್ಟಿದ. ತಾನೇ ಡಾಕ್ಟರ ಹತ್ತಿರ ಹೋಗಿ ಒಪ್ಪಿಕೊಂಡ. "ಬಂದು ಹೇಳಿದ್ರಲ್ಲ, ಅದು ದೊಡ್ಡದು" ಎಂದರು ಡಾಕ್ಟರು. ಎಂಟು ತಿಂಗಳಿಗೆ ನಿದ್ದೆ ಹತ್ತಿತು. ಕಂಬ ಹತ್ತುವ ಭಯವೂ ಹೋಯಿತು.

ಕಳೆದ ವಾರ ಅವನು, ಅಷ್ಟು ದಿನ ಕಾಲಿಡದಿದ್ದ ಮರಿಯಯ್ಯನ ಮನೆಗೆ ಹೋದ. ಮರಿಯಯ್ಯನ ಹೆಂಡತಿ ಚಲುವಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಮರಿಯಯ್ಯ ಕೋತಿಗೆ ಹೆದರಿ ಅರ್ಧ ಕಂಬದಲ್ಲೇ ನಿಂತ ಕಥೆಯನ್ನು ಕೆಂಪಸಿದ್ದಯ್ಯ ಕೈಕಾಲು ಆಡಿಸುತ್ತಾ ಹೇಳಿದ. ನಕ್ಕು ನಕ್ಕು ಚಲುವಮ್ಮನ ಕಣ್ಣಲ್ಲಿ ನೀರು ಬಂತು. "ಇನ್ನೊಂದು ಯೇಳಣ್ಣ" ಎಂದಳು.