ತಾನಾಗಿ ಓಡುತ್ತಿದ್ದ ಬಾಣ

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಕಂಪ್ಯೂಟರ್ ಕಸೂತಿ ಅಂಗಡಿ ಇದೆ. ಬ್ಲೌಸಿನ ತೋಳಿಗೆ, ಬೆನ್ನಿಗೆ ಬೇಕಾದ ಹೂಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ, ಮಷೀನು ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಮೊದಲು ಈ ಅಂಗಡಿಯನ್ನು ನಾನೂ ನನ್ನ ಗೆಳತಿಯೂ ಸೇರಿ ನಡೆಸುತ್ತಿದ್ದೆವು. ಯಾರ ಡಿಸೈನು ನೋಡಿ ಗಿರಾಕಿಗಳು ಬರುತ್ತಾರೆ ಎಂದು ಶುರುವಾದ ಮಾತು ಬೆಳೆಯುತ್ತಾ ಹೋಗಿ, ಕೊನೆಗೆ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ನಿಂತಿತು. ಮಷೀನು, ಕಂಪ್ಯೂಟರು ಎಲ್ಲ ಹಂಚಿಕೊಂಡೆವು. ಆಮೇಲೆ ಮಾತು ನಿಂತೇ ಹೋಯಿತು. ಆಚೆಯಿಂದ ಅವಳು ಕೆಮ್ಮಿದರೆ ಕೇಳಿಸುತ್ತಿತ್ತು, ಅಷ್ಟೇ.

ಒಮ್ಮೆ ಹರಿಹರದಲ್ಲಿ ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಮುಂದಿನ ಸಾಲಿನ ಹೆಂಗಸಿನ ಬೆನ್ನ ಮೇಲೆ ನನ್ನ ಗಿಳಿ ಕೂತಿತ್ತು. ಮಾವಿನ ಎಲೆಗಳ ನಡುವೆ ಕತ್ತು ತಿರುಗಿಸಿದ ಗಿಳಿ, ನಾನು ಸ್ವಲ್ಪ ದಿನದ ಹಿಂದೆಯಷ್ಟೇ ಒಬ್ಬ ಮದುಮಗಳಿಗಾಗಿ ಬಿಡಿಸಿದ್ದು. ಕೈ ತೊಳೆಯುವಾಗ ಮೆಲ್ಲಗೆ ಕೇಳಿದೆ.

“ಚಲೋ ಐತೆ. ಎಲ್ಲಿ ಮಾಡಿಸಿದ್ರಿ?”

“ದಾವಣಗೆರ್ಯಾಗ ರೀ, ವಿನೋಬನಗರ. ಅಕ್ಕಪಕ್ಕ ಎರಡು ಅಂಗಡಿ ಅದಾವಲ್ರಿ, ಅದ್ರಾಗ ಎಡಗಡೇದು.”

ಬಲಗಡೆಯದು ನನ್ನದು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯೊಳಗೆ ಒಂದೇ ಪ್ರಶ್ನೆ. ನನ್ನ ಕಂಪ್ಯೂಟರಿನೊಳಗಿನ ಗಿಳಿ ಗೋಡೆ ದಾಟಿದ್ದು ಹೇಗೆ?

ಅದಾದ ಮುಂದಿನ ವಾರ ಮಹಡಿಯ ಮೇಲಿನ ನೀರಿನ ಟ್ಯಾಂಕು ಒಡೆದು ಎರಡೂ ಅಂಗಡಿಗಳ ಸೂರು ಸೋರಿತು. ಕಟ್ಟಡದ ಮಾಲೀಕರ ಕಡೆಯ ಆಳುಗಳು ನಮ್ಮಿಬ್ಬರ ಸಾಮಾನನ್ನೂ ಬಿಚ್ಚಿ ಪಡಸಾಲೆಯಲ್ಲಿ ಪೇರಿಸಿಟ್ಟರು. ಸೂರು ಒಣಗಿದ ಮೇಲೆ ಅವರೇ ಮತ್ತೆ ಒಳಗೆ ತಂದು ಜೋಡಿಸಿಕೊಟ್ಟರು.

ಅವತ್ತು ಕಂಪ್ಯೂಟರ್ ಹಚ್ಚಿ ನನ್ನ ವೈರಿಲ್ಲದ ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಅಲ್ಲಾಡಲಿಲ್ಲ. ನೀರು ತಾಗಿರಬೇಕು ಎಂದುಕೊಂಡೆ. ಬ್ಯಾಟರಿ ಬದಲಿಸಿದೆ. ಮೌಸಿನ ಹೊಟ್ಟೆಯಲ್ಲಿ ಸೇರಿದ್ದ ದಾರದ ಎಳೆಗಳನ್ನು ಹತ್ತಿಯಿಂದ ಒರೆಸಿ ತೆಗೆದೆ. ರಿಸೀವರನ್ನು, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಉಗುರಿನಷ್ಟು ಚಿಕ್ಕ ತುಂಡನ್ನು, ಕಿತ್ತು ಬೇರೆ ತೂತಿಗೆ ಹಾಕಿದೆ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಏನೂ ಆಗಲಿಲ್ಲ. ಸಾಕಾಗಿ ಕೈ ತೆಗೆದು ಕೂತಾಗ ಬಾಣ ತಾನಾಗಿ ಚಲಿಸಿತು.

ಮೊದಲು ಒಂದಿಷ್ಟು ಪಕ್ಕಕ್ಕೆ ಸರಿಯಿತು, ನಿಂತಿತು. ಆಮೇಲೆ ನಾನು ಅರ್ಧ ಬಿಡಿಸಿದ್ದ ನವಿಲಿನ ಕತ್ತಿನ ಮೇಲೆ ಹಾದು ಗರಿಗಳ ಹತ್ತಿರ ಬಂತು. ಯಾರೋ ಬೆರಳಿಟ್ಟು ನೋಡುತ್ತಿರುವ ಹಾಗಿತ್ತು. ದೂರದಲ್ಲಿ ಕೂತು ಇನ್ನೊಬ್ಬರ ಕಂಪ್ಯೂಟರ್ ನಡೆಸುವವರ ಸುದ್ದಿ ದಿನಾ ಕೇಳುತ್ತೇವೆ. ಆದರೆ ನನಗೆ ದೂರದವರು ಯಾರೂ ನೆನಪಾಗಲಿಲ್ಲ. ಇಂಟರ್ನೆಟ್ಟಿನ ಪಾಸ್‌ವರ್ಡು ನಾವು ಜೊತೆಯಲ್ಲಿದ್ದಾಗಿನದು, ಗೆಳತಿಗೆ ಗೊತ್ತಿತ್ತು. ಗಿಳಿ ಹೋದ ದಾರಿಯಲ್ಲೇ ನವಿಲೂ ಹೊರಟಿದೆ ಎನಿಸಿತು.

ಪಾಸ್‌ವರ್ಡು ಬದಲಿಸಿದೆ. ಬಾಣ ನಿಲ್ಲಲಿಲ್ಲ. ಇಂಟರ್ನೆಟ್ಟಿನ ವೈರನ್ನೇ ಕಿತ್ತು ಹಾಕಿದೆ. ಆಗಲೂ ಅದು ಪರದೆಯ ಈ ಮೂಲೆಯಿಂದ ಆ ಮೂಲೆಗೆ ಓಡಿತು, ಟಕ್ ಎಂದು ಒತ್ತಿ ನವಿಲಿನ ಒಂದು ಗರಿ ಅಳಿಸಿತು. ಸಿಟ್ಟಿನಲ್ಲಿ ನನ್ನ ಮೌಸನ್ನು ಮೇಜಿನ ಮೇಲೆ ಎಳೆದಾಡಿ ಗುಂಡಿಗಳನ್ನು ಪಟಪಟ ಒತ್ತಿದೆ.

ಆಚೆಯಿಂದ ಅವಳ ದನಿ ಬಂತು. ಜೋರಾಗಿರಲಿಲ್ಲ.

“ಯಾಕ ಹಿಂಗ್ ಮಾಡ್ತಿ? ನನ್ನ ಕಂಪ್ಯೂಟರ್ ಮುಟ್‌ಬ್ಯಾಡ.”

ಗೋಡೆ ಎದ್ದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ಕಳ್ಳತನ ಅವಳದು, ದೂರು ನನ್ನ ಮೇಲೆ ಎಂದು ನನಗೆ ಉರಿದುಹೋಯಿತು. ಮೌಸ್ ಕೈಯಲ್ಲೇ ಹಿಡಿದುಕೊಂಡು ಅವಳ ಅಂಗಡಿಗೆ ನುಗ್ಗಿದೆ.

“ನಾನ್ಯಾಕ ಮುಟ್ಟಲಿ? ನೀನೇ ನನ್ನ ನವಿಲಿಗೆ ಕೈ ಹಾಕಿದೀ,” ಎಂದು ಮೌಸನ್ನು ಅವಳ ಮೇಜಿನ ಮೇಲೆ ಕುಕ್ಕಿದೆ.

ಅವಳು ನನ್ನ ಮುಖ ನೋಡಲಿಲ್ಲ, ತನ್ನ ಪರದೆ ನೋಡುತ್ತಿದ್ದಳು. ಅವಳ ಕಂಪ್ಯೂಟರಿನ ಕ್ಯಾಮೆರಾದ ಮೇಲೆ ಕೆಂಪು ಬಿಂದಿ ಅಂಟಿಸಿತ್ತು.

“ತಡಿ. ಇನ್ನೊಂದು ಸಲ ಅಲ್ಲಾಡ್ಸು,” ಎಂದಳು.

ಅಲ್ಲಾಡಿಸಿದೆ. ಅವಳ ಪರದೆಯ ಬಾಣ ನನ್ನ ಕೈ ಹೋದತ್ತ ಹೋಯಿತು. ಅವಳ ಪಕ್ಕದಲ್ಲಿ ಅಂಥದ್ದೇ ಕಪ್ಪು ಮೌಸು ಸುಮ್ಮನೆ ಬಿದ್ದಿತ್ತು. ಎರಡನ್ನೂ ಒಂದೇ ಸಲ ಒಂದೇ ಅಂಗಡಿಯಿಂದ ತಂದವರು ನಾವೇ. ಸಾಮಾನು ಜೋಡಿಸಿದವರು ನನ್ನ ರಿಸೀವರನ್ನು ಅವಳ ಕಂಪ್ಯೂಟರಿಗೂ ಅವಳದನ್ನು ನನ್ನದಕ್ಕೂ ಸಿಕ್ಕಿಸಿಬಿಟ್ಟಿದ್ದರು. ಪ್ಲೈವುಡ್ಡಿನ ಆಚೆ ಕೂತು ನಾನು ಅವಳ ಬಾಣ ಓಡಿಸುತ್ತಿದ್ದೆ, ಅವಳು ನನ್ನದನ್ನು.

“ನನ್ನ ಗಿರಾಕಿಗಳು ಯಾರ‍್ಯಾರು ಅಂತ ನೋಡಾಕ ಒಳಗ ಹೊಕ್ಕಿದೀ ಅಂತ ತಿಳಕಂಡಿದ್ದೆ,” ಎಂದಳು. “ಹೆದರಿ ಬಿಂದಿ ಹಚ್ಚಿದೆ.”

ನನಗೆ ನಗು ಬಂತು, ಆದರೂ ಕೇಳದೆ ಬಿಡಲಾಗಲಿಲ್ಲ. “ಹಂಗಾರೆ ಹರಿಹರದ ಬ್ಲೌಸು? ಆ ಗಿಳಿ ನಂದು.”

“ಆ ಯಮ್ಮ ಯಾವುದೋ ಮದುವ್ಯಾಗ ಒಬ್ಬರ ಬೆನ್ನಿನ ಫೋಟೋ ತೆಗಕಂಡು ಬಂದು, ಇಂಥದೇ ಬೇಕು ಅಂದ್ಲು. ನೋಡಿ ಬಿಡಿಸಿದೆ.”

“ನನ್ನ ಕೈ ಅಂತ ಗೊತ್ತಾಗ್ಲಿಲ್ಲೇನು?”

“ಗೊತ್ತಾತು. ಸುಳ್ಳು ಯಾಕ ಹೇಳ್ಲಿ. ಕೇಳಬೇಕಂದ್ರ ನೀನು ಮಾತಾಡ್ತಿರಲಿಲ್ಲ.”

ಅವಳೇ ಎದ್ದು ಎದುರಿನ ಹೋಟೆಲಿಗೆ ಎರಡು ಚಾ ಹೇಳಿದಳು. ಚಾ ಕುಡಿದು ರಿಸೀವರುಗಳನ್ನು ಬದಲಾಯಿಸಿಕೊಂಡೆವು.

ಈಗ ನಾವು ಮಾತಾಡುತ್ತೇವೆ. ಕರೆಂಟು ಹೋದರೆ ಗೋಡೆಯಾಚೆಯಿಂದ “ನಿಂದೂ ಹೋತೇನು?” ಎಂದು ಕೇಳುತ್ತಾಳೆ. ಹಸಿರು ದಾರ ಮುಗಿದರೆ ನಾನು ಅವಳ ಹತ್ತಿರ ಇಸಿದುಕೊಳ್ಳುತ್ತೇನೆ. ಹಾಗಂತ ಗೋಡೆ ತೆಗೆಸುವ ಮಾತನ್ನು ಇಬ್ಬರೂ ಎತ್ತಿಲ್ಲ. ಹೊಸ ಡಿಸೈನುಗಳನ್ನು ನಾನು ಕಂಪ್ಯೂಟರಿನಲ್ಲಿ ಬಿಡದೆ ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತೇನೆ. ಅವಳೂ ಸಂಜೆ ಬಾಗಿಲು ಹಾಕುವಾಗ ಪರ್ಸಿನೊಳಗೆ ಏನನ್ನೋ ಇಟ್ಟು ಜಿಪ್ ಎಳೆಯುತ್ತಾಳೆ. ಅದೇನೆಂದು ನಾನು ಕೇಳಲು ಹೋಗಿಲ್ಲ.