ಕಾಕಂಬಿಯ ವಾಲ್ವ್

ನಾನು ಕೆಲಸ ಮಾಡುವುದು ತುಮಕೂರಿನಿಂದ ಕುಣಿಗಲ್ ಕಡೆಗಿರುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಮ್ಯಾಂಗನೀಸ್ ಅದಿರಿನ ಪುಡಿಯನ್ನು ರಿಯಾಕ್ಟರ್ ಎಂಬ ದೊಡ್ಡ ತೊಟ್ಟಿಯಲ್ಲಿ ಆಸಿಡ್ ಬೆರೆತ ನೀರಿನ ಜೊತೆ ಕಲಕುತ್ತಾ, ಮೇಲಿಂದ ಸಣ್ಣಗೆ ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಬಿಡುತ್ತೇವೆ. ಕಾಕಂಬಿ ಬಿದ್ದರೇನೇ ಆ ಕಪ್ಪು ಪುಡಿ ಕರಗಿ, ಲೋಹ ನೀರಿಗಿಳಿಯುವುದು. ಸೋಸಿ ಬತ್ತಿಸಿದರೆ ತೆಂಗಿನ ತೋಟಕ್ಕೆ ಗೊಬ್ಬರವಾಗಿ ಹಾಕುವ ಮ್ಯಾಂಗನೀಸ್ ಉಪ್ಪು ಸಿಗುತ್ತದೆ.

ಕೆಮಿಸ್ಟಾಗಿ ಸೇರಿದ ದಿನವೇ ಮಾಲೀಕರು "ಹೆಣ್ಮಕ್ಳು ಲ್ಯಾಬಲ್ಲಿದ್ರೆ ಸಾಕು" ಅಂದಿದ್ದರು. ನಾನು ಹೆಲ್ಮೆಟ್ ಹಾಕಿಕೊಂಡು ರಿಯಾಕ್ಟರಿನ ಏಣಿ ಹತ್ತಿದೆ. ದಿನಾ ಹತ್ತುತ್ತಲೇ ಇದ್ದೆ. ಕೊನೆಗೆ ಶಿಫ್ಟಿನ ಜವಾಬ್ದಾರಿ ನನಗೇ ಬಂತು.

ಒಂದು ಮಧ್ಯಾಹ್ನ ಗೇಟಿನಲ್ಲಿ ಮಾಲಿಗಾಗಿ ಲಾರಿ ಕಾಯುತ್ತಿತ್ತು. ನಾನು ರಿಯಾಕ್ಟರಿನ ಮೇಲೆ ಕಾಕಂಬಿಯ ವಾಲ್ವ್ ಹಿಡಿದು ನಿಂತಿದ್ದಾಗ ಮಾಲೀಕರು ಧಡಧಡ ಮೇಲೆ ಬಂದರು.

"ಏನಮ್ಮ, ಹಿಂಗ್ ತೊಟ್ಟಿಕ್ಕಿಸ್ತಾ ಕೂತ್ರೆ ಮುಗಿಯೋದ್ಯಾವಾಗ? ವಾಲ್ವ್ ಪೂರ್ತಿ ತೆಗೀರಿ."

"ತೆಗ್ಯಲ್ಲ ಸಾರ್. ಒಟ್ಟಿಗೆ ಬಿದ್ರೆ ಬಿಸಿ ಏರಿ ಗ್ಯಾಸ್ ಏಳುತ್ತೆ, ನೊರೆ ಉಕ್ಕುತ್ತೆ. ಬರೀ ನೊರೆಯಲ್ಲ, ಆಸಿಡ್. ಕೆಳಗೆ ಜನ ಇದಾರೆ."

"ಸಂಬಳ ಕೊಡೋನು ನಾನು."

"ಹೌದು ಸಾರ್. ಆದ್ರೂ ತೆಗ್ಯಲ್ಲ."

ಅವರು ಪಕ್ಕದಲ್ಲಿದ್ದ ಆಪರೇಟರ್ ಕಡೆ ತಿರುಗಿದರು. ನಿಟ್ಟೂರಿನವರು, ನನಗಿಂತ ಹಿರಿಯರು. "ನೀನ್ ತೆಗಿಯಯ್ಯ."

"ಮೇಡಮ್ಮೋರು ಬ್ಯಾಡ ಅಂತವ್ರಲ್ಲ ಸಾ," ಅಂದು ಅವರು ಕೈಕಟ್ಟಿ ನಿಂತುಬಿಟ್ಟರು.

ಮಾಲೀಕರೇ ಕೈ ಚಾಚಿದರು. ವಾಲ್ವಿನ ಹಿಡಿಯ ಮೇಲಿದ್ದ ನನ್ನ ಕೈಯನ್ನು ನಾನು ತೆಗೆಯಲಿಲ್ಲ. ಅವರು ಕೈ ಹಿಂದಕ್ಕೆಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಕೆಳಗಿಳಿದು, ಅಲ್ಲಿಂದಲೇ ಕೂಗಿದರು: "ನಾಳೆಯಿಂದ ಬರ್ಬೇಡಿ!"

ಸಂಜೆ ಹೊತ್ತಿಗೆ ರಿಯಾಕ್ಟರಿನ ಕಪ್ಪು ಪೂರ್ತಿ ಹೋಗಿತ್ತು. ಸೋಸಿ ತಂದ ಮಾದರಿ ಗಾಜಿನ ಲೋಟದಲ್ಲಿ, ಲೋಹ ನೀರಿಗಿಳಿದ ಗುರುತಾಗಿ, ತೆಳು ಗುಲಾಬಿಯಾಗಿ ಹೊಳೆಯಿತು.

ಬೆಳಿಗ್ಗೆ ಶೆಟ್ಟಿಹಳ್ಳಿಯ ಮನೆಯಲ್ಲಿ ನಾನು ಸ್ಕೂಟರ್ ತೆಗೆಯುವಾಗ ಅಮ್ಮ ಬಾಗಿಲಿಗೆ ಬಂದಳು.

"ಬರ್ಬೇಡ ಅಂದವ್ರಲ್ಲೇ?"

"ಅವ್ರು ಹೇಳಿದಾರೆ ಕಣಮ್ಮ. ನಾನ್ ಒಪ್ಕೊಂಡಿಲ್ಲ."

ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಮಾಲೀಕರು ನನ್ನನ್ನು ನೋಡಿಯೂ ನೋಡದಂತೆ ಹೋದರು. ರಿಯಾಕ್ಟರ್ ನೋಡಿಕೊಳ್ಳಲು ಬೇರೆ ಕೆಮಿಸ್ಟ್ ಇರಲಿಲ್ಲ; ತಿಂಗಳುಗಟ್ಟಲೆ ಹಾಗೇ ನಡೆಯಿತು. ಆಮೇಲೆ ನನ್ನ ಜಾಗಕ್ಕೆಂದೇ ಬೇರೆ ಕೆಮಿಸ್ಟ್ ಒಬ್ಬರನ್ನು ಕರೆತಂದರು. ಕೆಲಸ ಕಲಿಸಬೇಕಾದವಳು ಮಾತ್ರ ನಾನೇ.

ಕಲಿಸಿದೆ. ಮೊದಲ ದಿನವೇ ಆ ಹೊಸಬರನ್ನು ಮೇಲೆ ಹತ್ತಿಸಿ, ವಾಲ್ವ್ ತೋರಿಸಿ ಹೇಳಿದೆ: "ಇದನ್ನ ಪೂರ್ತಿ ತೆಗೀಬಾರ್ದು. ಯಾರೇ ಬಂದು ಹೇಳಿದ್ರೂ ಸರಿ, ತೆಗೀಬಾರ್ದು."

ಮಾಲೀಕರು ಕೆಳಗೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ದನಿ ತಗ್ಗಿಸಲಿಲ್ಲ.