ತಾರೀಖಪ್ಪನ ಗುರುವಾರ

"ಹದಿನಾಲ್ಕಕ್ಕೆ ಒಂದು ಹಡಗು ಮುಳುಗಿದೆ, ಇನ್ನೊಂದು ಸಾವು ಸಿಕ್ಕಿದ್ರೆ ಸಾಕು" ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿ, ನಾನು ಅವರನ್ನು ವಿಮಾ ಏಜೆಂಟರೆಂದೇ ತಿಳಿದಿದ್ದೆ. ನಮ್ಮ ಪತ್ರಿಕೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಅಂಕಣ ಬರೆಯುವವರು ಇವರೇ ಎಂದು ಆಮೇಲೆ ಗೊತ್ತಾಯಿತು. ಕಚೇರಿಯವರ ಬಾಯಲ್ಲಿ ಇವರು ತಾರೀಖಪ್ಪ. ದಿನಕ್ಕೊಂದರಂತೆ ಮುನ್ನೂರ ಅರವತ್ತಾರು ಕಾರ್ಡುಗಳಿರುವ ಮರದ ಪೆಟ್ಟಿಗೆ ಅವರ ಮೇಜಿನ ಮೇಲಿದೆ. ಅದರ ದೂಳು ಒರೆಸುವ ಹಕ್ಕೂ ಅವರೊಬ್ಬರದೇ. ಒಮ್ಮೆ ಯಾವುದೋ ಶಾಂತಿ ಒಪ್ಪಂದವನ್ನು ತಪ್ಪು ತಾರೀಖಿಗೆ ಹಾಕಿ, ಯುದ್ಧವನ್ನು ಒಂದು ದಿನ ಮೊದಲೇ ನಿಲ್ಲಿಸಿಬಿಟ್ಟಿದ್ದರಂತೆ. ಅಂದಿನಿಂದ ಗೋಡೆಯ ಕ್ಯಾಲೆಂಡರನ್ನೂ ನಂಬದೆ, ಮೂವರನ್ನು ಕೇಳಿಯೇ ಇವತ್ತಿನ ತಾರೀಖು ಬರೆಯುತ್ತಾರೆ. ಮಗಳ ಮದುವೆಗೆ ಕರೆಯಲು ಬಂದವರಿಗೂ "ಅವತ್ತು ದೊಡ್ಡ ಭೂಕಂಪ ಆಗಿತ್ತು. ಇರಲಿ, ಬರ್ತೀನಿ" ಎಂದು ಹೇಳಿ ಕಳಿಸುವ ಆಸಾಮಿ. ಈ ವಾರವೆಲ್ಲ ಮಾತ್ರ ಅವರ ಕೈಯಲ್ಲಿ ಒಂದೇ ಕಾರ್ಡು. ಗುರುವಾರ ಅವರ ಹೆಂಡತಿಗೆ ಹೃದಯದ ಆಪರೇಷನ್. ಆ ತಾರೀಖಿನ ಕಾರ್ಡಿನಲ್ಲಿ ಎರಡು ಬೆಂಕಿ ಅನಾಹುತ, ಒಂದು ರೈಲು ಅಪಘಾತ, ಒಬ್ಬ ದೊರೆಯ ಕೊಲೆ. ಒಂದಾದರೂ ಒಳ್ಳೆಯದು ಸಿಗಲೆಂದು ಅವರು ಅಟ್ಟದ ವಿಶ್ವಕೋಶಗಳನ್ನೆಲ್ಲ ಕೆಳಗಿಳಿಸಿ ಜಾಲಾಡಿದರು. ಕೊನೆಗೆ, ಅದೇ ದಿನ ಯಾರೋ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಸಿಕ್ಕಿ, ಅದನ್ನೇ ಕಾರ್ಡಿನ ತಲೆಗೆ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು. ಸುಮ್ಮನಿರಲಾರದೆ ನಾನು, "ಗುರುವಾರಕ್ಕೆ ಇನ್ನೂ ಎಂಥಾ ಘಟನೆ ಸಿಕ್ಕಿದ್ರೆ ನಿಮಗೆ ಸಮಾಧಾನ ಸಾರ್?" ಎಂದು ಕೇಳಿದೆ. ಅವರು ತಲೆಯೆತ್ತಲಿಲ್ಲ. "ಗುರುವಾರ ಏನೂ ಆಗಬಾರದು ಕಣಯ್ಯ" ಎಂದರು.